ಟಾರ್ಟ್ ಸುಧಾರಣೆಯಿಂದ ಅಮೆರಿಕದಲ್ಲಿ ಸುಳ್ಳು ದಾವೆಗಳು ನಿಂತವೇ?

ಅಮೆರಿಕದ ಟಾರ್ಟ್ ಸುಧಾರಣೆಯಿಂದ, ಅಂದರೆ ಇನ್ನೊಬ್ಬರ ತಪ್ಪಿನಿಂದಾದ ಹಾನಿಗೆ ಪರಿಹಾರ ಕೇಳುವ ದಾವೆಗಳನ್ನು ಬಿಗಿಗೊಳಿಸಿದ ಕಾನೂನುಗಳಿಂದ, ಸುಳ್ಳು ದಾವೆಗಳು ನಿಂತು ಚಿಕಿತ್ಸೆ ಅಗ್ಗವಾಯಿತೇ ಎಂದು ನೀವು ಕೇಳಿದ್ದೀರಿ. ದಾವೆಗಳು ಕಡಿಮೆಯಾದದ್ದು ನಿಜ. ಕಡಿಮೆಯಾದವೆಲ್ಲ ಸುಳ್ಳು ದಾವೆಗಳೇ ಎನ್ನಲು ಮಾತ್ರ ಆಧಾರ ಸಾಲದು. ನಾನು ಇಲ್ಲಿ ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವ ವಕೀಲ. ಅಲ್ಲಿನ ಕಾನೂನನ್ನು ಓದಿ ತಿಳಿದವನೇ ಹೊರತು ಅಲ್ಲಿ ವಾದಿಸಿದವನಲ್ಲ.

ಟಾರ್ಟ್, ಅಂದರೆ ನಮ್ಮ ಕಾನೂನು ಪುಸ್ತಕಗಳು ಅಪಕೃತ್ಯ ಎಂದು ಕರೆಯುವ ವಿಷಯದಲ್ಲಿ ಅಲ್ಲಿ ಒಂದೊಂದು ರಾಜ್ಯದ್ದೂ ಒಂದೊಂದು ಕಾನೂನು. ಹೀಗಾಗಿ ಟೆಕ್ಸಸ್ ಒಂದನ್ನೇ ಹಿಡಿದು ನೋಡೋಣ. ನಷ್ಟ ಪರಿಹಾರಕ್ಕೆ ಹಾಕಿದ್ದ ಮಿತಿಯೊಂದನ್ನು ಆ ರಾಜ್ಯದ್ದೇ ಸುಪ್ರೀಂ ಕೋರ್ಟ್ 1988ರಲ್ಲಿ ರದ್ದುಪಡಿಸಿದ್ದರಿಂದ, 2003ರಲ್ಲಿ ಹೊಸ ಕಾಯ್ದೆ ತಂದಾಗ ಜನಮತಕ್ಕೆ ಹಾಕಿ ರಾಜ್ಯದ ಸಂವಿಧಾನವನ್ನೇ ತಿದ್ದಲಾಯಿತು. ಪರವಾಗಿ ಬಿದ್ದ ಮತಗಳು ಅರ್ಧಕ್ಕಿಂತ ತುಸುವೇ ಹೆಚ್ಚು. ವೈದ್ಯಕೀಯ ನಿರ್ಲಕ್ಷ್ಯದ ದಾವೆಯಲ್ಲಿ ನೋವು, ಸಂಕಟ, ವಿರೂಪಗಳಿಗಾಗಿ ವೈದ್ಯರಿಂದ ಒಟ್ಟು 2.5 ಲಕ್ಷ ಡಾಲರ್, ಆಸ್ಪತ್ರೆಗಳೂ ಸೇರಿದರೆ ಹೆಚ್ಚೆಂದರೆ 7.5 ಲಕ್ಷ ಡಾಲರ್ ಎಂದು ನಿಗದಿಯಾಯಿತು. ಚಿಕಿತ್ಸೆಯ ವೆಚ್ಚಕ್ಕೂ ಕಳೆದುಹೋದ ಸಂಬಳಕ್ಕೂ ಈ ಮಿತಿ ಇಲ್ಲ.

ಕೇಳಲು ಇದು ನ್ಯಾಯವೇ ಎನಿಸುತ್ತದೆ. ಆದರೆ ಅಲ್ಲಿನ ವಾದಿಯ ವಕೀಲ ಮುಂಗಡ ಫೀಸು ಕೇಳುವುದಿಲ್ಲ. ಗೆದ್ದರೆ ಬರುವ ಹಣದಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಅವನದು, ಅಲ್ಲಿಯವರೆಗಿನ ಖರ್ಚನ್ನೂ ಬಹುಮಟ್ಟಿಗೆ ಅವನೇ ಹಾಕುತ್ತಾನೆ. ಟೆಕ್ಸಸ್ ಕಾಯ್ದೆಯಂತೆ 120 ದಿನಗಳೊಳಗೆ ತಜ್ಞ ವೈದ್ಯರ ವರದಿ ಕೊಡದಿದ್ದರೆ ದಾವೆ ವಜಾ ಆಗುವುದಲ್ಲದೆ ಎದುರು ಪಕ್ಷದ ವಕೀಲರ ಶುಲ್ಕವೂ ಮೈಮೇಲೆ ಬರುತ್ತದೆ. ಇಂಥಲ್ಲಿ ಗಾಯಗೊಂಡವನು ಒಳ್ಳೆಯ ಸಂಬಳದ ಎಂಜಿನಿಯರ್ ಆದರೆ ವಕೀಲ ಸಿಗುತ್ತಾನೆ. ಗಾಯಗೊಂಡಾಕೆ ಗೃಹಿಣಿಯೋ, ನಿವೃತ್ತಳೋ ಆಗಿದ್ದರೆ ಕಳೆದುಕೊಂಡ ಸಂಬಳವೆಂದು ತೋರಿಸಲು ಹೆಚ್ಚೇನೂ ಇರುವುದಿಲ್ಲ, ಉಳಿದ ನೋವಿಗೆ ಮಿತಿ ಬಿದ್ದಿದೆ, ಹಾಗಾಗಿ ತಪ್ಪು ಎಷ್ಟೇ ಸ್ಪಷ್ಟವಾಗಿದ್ದರೂ ಪ್ರಕರಣ ವಕೀಲರ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತದೆ. ಕಾಯ್ದೆಯ ಜರಡಿ ಸೋಸುವುದು ಸುಳ್ಳನ್ನಷ್ಟೇ ಅಲ್ಲ, ಕಡಿಮೆ ಆದಾಯದವರನ್ನೂ. ಸಲ್ಲಿಕೆಯೇ ಆಗದ ಈ ದಾವೆಗಳು ಯಾವ ನ್ಯಾಯಾಲಯದ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು ಪರಿಣಾಮ ತಮಾಷೆಯದು: ಕಾನೂನು ಬಿಗಿಯಾಗುತ್ತದೆ ಎಂಬ ಸುದ್ದಿಗೇ ದಾವೆಗಳು ನುಗ್ಗುತ್ತವೆ. ಫ್ಲಾರಿಡಾ 2023ರ ಮಾರ್ಚ್‌ನಲ್ಲಿ ನಿರ್ಲಕ್ಷ್ಯದ ದಾವೆಗಳ ಕಾಲಮಿತಿಯನ್ನು ನಾಲ್ಕು ವರ್ಷದಿಂದ ಎರಡಕ್ಕೆ ಇಳಿಸಿದಾಗ, ರಾಜ್ಯಪಾಲರ ಸಹಿ ಬೀಳುವ ಮೊದಲೇ ವಕೀಲರು ಕಟ್ಟುಕಟ್ಟಾಗಿ ದಾವೆ ಹೂಡಿದರು.

ಮಿತಿಯ ಮೊತ್ತ ಹಳತಾಗುವುದನ್ನು ತಿಳಿಯಲು ಕ್ಯಾಲಿಫೋರ್ನಿಯಾ ಸಾಕು. ಅಲ್ಲಿ 1975ರಲ್ಲಿ ನಿಗದಿಯಾದ 2.5 ಲಕ್ಷ ಡಾಲರ್, ಬೆಲೆಗಳು ಹಲವು ಪಟ್ಟು ಏರಿದರೂ, 2022ರ ಕೊನೆಯವರೆಗೆ ಹಾಗೆಯೇ ಇತ್ತು. 2023ರಿಂದ ಸಾವಿನ ಪ್ರಕರಣಗಳಲ್ಲಿ 5 ಲಕ್ಷ, ಉಳಿದವುಗಳಲ್ಲಿ 3.5 ಲಕ್ಷವಾಗಿ, ವರ್ಷವರ್ಷ ಏರುವ ವ್ಯವಸ್ಥೆ ಬಂತು. ನಮ್ಮಲ್ಲೂ ಅಪಘಾತದ ಸಾವಿನಲ್ಲಿ ದಾಂಪತ್ಯ ಸುಖದ ನಷ್ಟಕ್ಕೆ ಸುಪ್ರೀಂ ಕೋರ್ಟ್ 2017ರಲ್ಲಿ 40,000 ರೂಪಾಯಿ ಎಂದು ಗೊತ್ತುಮಾಡಿದೆ, ಮೊತ್ತ ತೀರಾ ಚಿಕ್ಕದು. ಆದರೆ ಮೂರು ವರ್ಷಕ್ಕೊಮ್ಮೆ ಶೇ. 10ರಷ್ಟು ಏರಿಸಬೇಕೆಂಬ ಎಚ್ಚರ ಆ ತೀರ್ಪಿನಲ್ಲಿಯೇ ಇದೆ. ಮೇಲೆ ಹೇಳಿದ ಟೆಕ್ಸಸ್‌ನ ಮಿತಿಗೆ ಅಂಥ ಏರಿಕೆ ಇಲ್ಲ.

ಇನ್ನು ಚಿಕಿತ್ಸೆಯ ಬೆಲೆ. ಟೆಕ್ಸಸ್‌ನಲ್ಲಿ ಇಂಥ ದಾವೆಗಳ ಪರಿಹಾರಕ್ಕೆಂದು ವೈದ್ಯರು ಕಟ್ಟುವ ವಿಮಾ ಕಂತು ಗಣನೀಯವಾಗಿ ಇಳಿಯಿತು. ರೋಗಿಯ ಬಿಲ್ಲು ಇಳಿಯಲಿಲ್ಲ.