ಎದ್ದೊಡನೆ ಕಣ್ಣಿಗೆ ಕತ್ತಲೆ

ಪ್ರಶ್ನೆ: ಗದ್ದೆಯಲ್ಲಿ ಬಗ್ಗಿ ಕಳೆ ಕಿತ್ತು ತಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಎದೆ ಡವಡವ ಎನ್ನುತ್ತದೆ. ಬೇಸಿಗೆಯಲ್ಲೇ ಹೆಚ್ಚು. ವಯಸ್ಸು 52, ಬಿಪಿ ಮಾತ್ರೆ ತಗೊಳ್ಳುತ್ತೇನೆ. ಹೃದಯ ಸೋತಿದೆಯೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಇಷ್ಟಕ್ಕೇ ಹಾಗೆನ್ನಲಾಗದು. ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಯ ಅಭಿಧಮನಿಗಳಿಗೆ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳಿಗೆ) ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಎಡ ಹೃತ್ಕುಕ್ಷಿ (ಹೃದಯದ ಎಡ ಕೆಳಕೋಣೆ) ಬಡಿತಕ್ಕೊಮ್ಮೆ ತಳ್ಳುವ ಸುಮಾರು 70 ಮಿ.ಲೀ. ರಕ್ತ ಕೂಡ ಕಡಿಮೆಯಾಗುತ್ತದೆ. ಆಗ ಬಿಪಿ ಇಳಿದು, ಮೆದುಳಿಗೆ ರಕ್ತ ಸಾಲದೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಕುತ್ತಿಗೆಯ ಕ್ಯಾರೋಟಿಡ್ ಧಮನಿಯಲ್ಲಿರುವ ಒತ್ತಡ ಗ್ರಾಹಕಗಳು ಕೂಡಲೇ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಬಡಿತ ಏರುತ್ತದೆ, ನಾಳಗಳು ಬಿಗಿಯುತ್ತವೆ. ನಿಮ್ಮ ಡವಡವ ಬಹುಮಟ್ಟಿಗೆ ಇದೇ. ನಮ್ಮ ರಾಯಚೂರಿನ ಬಿಸಿಲಲ್ಲಿ ಮೈ ತಣಿಸಲು ಚರ್ಮದ ನಾಳಗಳು ಹಿಗ್ಗಿರುತ್ತವೆ, ಬೆವರಿನಲ್ಲಿ ಪ್ಲಾಸ್ಮಾದ (ರಕ್ತದ ದ್ರವಭಾಗದ) ನೀರೂ ಹೋಗಿರುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯಾದರೆ ಬಿಪಿ ಇನ್ನಷ್ಟು ಇಳಿಯುತ್ತದೆ.

ಕೂರಿಸಿ ಬಿಪಿ ನೋಡಿದರೆ ಈ ಇಳಿತ ಸಿಗದು. 5 ನಿಮಿಷ ಮಲಗಿ ಒಮ್ಮೆ, ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಬಹುದು. ನೀವಾಗಿಯೇ ನಿಲ್ಲಿಸಲೇಬೇಡಿ.

ಏಳುವ ಮುನ್ನ ಬದುವಿನ ಮೇಲೆ ಕುಳಿತು ಹಿಮ್ಮಡಿಯನ್ನು ಹತ್ತಾರು ಸಲ ಎತ್ತಿಳಿಸಿ. ಮೀನಖಂಡ ಬಿಗಿದಾಗ ಅಭಿಧಮನಿ ಹಿಂಡಿ ರಕ್ತ ಮೇಲೇರುತ್ತದೆ, ಒಳಗಿನ ಕವಾಟಗಳು ಅದನ್ನು ಕೆಳಗಿಳಿಯಗೊಡವು. ದಾಹವಾಗುವವರೆಗೆ ಕಾಯದೆ ನೀರು ಕುಡಿಯಿರಿ.

ಕೆಲಸದ ನಡುವೆಯೇ ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ (ಹೊಟ್ಟೆಯೊಳಗೆ ರಕ್ತ ಸೋರುವ ಗುರುತು) ತಡಮಾಡದೆ ಆಸ್ಪತ್ರೆಗೆ ಹೋಗಿ.