ಅತ್ತ ನೆಹೆಮೀಯ ಗೊತ್ತು, ಕಟ್ಟಿದ ನೆಹೆಮೀಯ ಎಲ್ಲಿ?

ಕರ್ತನಲ್ಲಿ ಪ್ರಿಯ ಸಹೋದರಿ,

ವಂದನೆಗಳು. ‘ಪವಿತ್ರ ಅಸಮಾಧಾನ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ನಿಮ್ಮ ಸಂಕಟ ನಿಜವಾದದ್ದು, ಅದು ಓದುವಾಗ ಗೊತ್ತಾಗುತ್ತದೆ.

ಮೊದಲ ಎರಡು ಪುಟ ಪೂರ್ತಿ ದೂರು. ಸಭೆಯಲ್ಲಿ ಪ್ರಾರ್ಥನೆ ಕಡಿಮೆಯಾಗಿದೆ, ಯುವಕರು ಬರುತ್ತಿಲ್ಲ, ಹಿರಿಯರು ಪದವಿಗಾಗಿ ಜಗಳವಾಡುತ್ತಾರೆ ಎಂದಿದ್ದೀರಿ. ಆಮೇಲೆ ಬೈಬಲ್‌ನ ನೆಹೆಮೀಯ, ಅಂದರೆ ಪರ್ಷಿಯದ ಅರಸನ ಸೇವೆಯಲ್ಲಿದ್ದ ಯೆಹೂದ್ಯ, ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಕೇಳಿ ಅತ್ತದ್ದನ್ನು ಹೇಳಿ, ‘ನಾವೂ ಎದ್ದು ಕಟ್ಟೋಣ’ ಎಂದು ಮುಗಿಸಿದ್ದೀರಿ. ಏನನ್ನು ಕಟ್ಟಬೇಕು? ಯಾರು ಕಟ್ಟಬೇಕು? ಅದು ಎಲ್ಲೂ ಇಲ್ಲ. ಇನ್ನೊಂದು ವಿಷಯ. ನಿಮ್ಮ ಲೇಖನದಲ್ಲಿ ತಪ್ಪು ಮಾಡಿದವರೆಲ್ಲ ‘ಅವರು’. ನೆಹೆಮೀಯ ತನ್ನ ಪ್ರಾರ್ಥನೆಯಲ್ಲಿ ತಾನೂ ತನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಎಂದು ಒಪ್ಪಿಕೊಂಡ, ಅಲ್ವಾ?

ನೀವು ನೆಹೆಮೀಯನ ಪುಸ್ತಕದ ಮೊದಲ ಅಧ್ಯಾಯದಲ್ಲೇ ನಿಂತುಬಿಟ್ಟಿದ್ದೀರಿ. ಮುಂದೆ ಓದಿ. ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟಿವೆ ಎಂಬ ಸುದ್ದಿ ಪರ್ಷಿಯದ ಅರಸನ ಶೂಷನ್ ಕೋಟೆಗೆ ಬಂದದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಅವನು ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು 4 ತಿಂಗಳು. ಆ ದಿನಗಳಲ್ಲಿ ಅವನು ಸುಮ್ನೆ ಅಳುತ್ತಾ ಕೂತಿರಲಿಲ್ಲ ಅನ್ನಿಸುತ್ತದೆ. ಏಕೆಂದರೆ ಅರಸ ಕೇಳಿದ ಕೂಡಲೇ ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರಿಂದ ಬರಬೇಕು ಎಂಬುದೆಲ್ಲ ಅವನ ಬಳಿ ಸಿದ್ಧವಿತ್ತು. ಯೆರೂಸಲೇಮಿಗೆ ಹೋದ ಮೇಲೂ ಮೊದಲು ರಾತ್ರಿ ಹೊರಟು ಗೋಡೆಯನ್ನು ಕಣ್ಣಾರೆ ನೋಡಿದ. ಆಮೇಲೆ ಜನರ ಹತ್ತಿರ ಮಾತಾಡಿದ.

3ನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ ಎಂದು ಎಲ್ಲರೂ ದಾಟಿಬಿಡುತ್ತಾರೆ. ನನಗೆ ಅದೇ ಬಹಳ ಇಷ್ಟ. ಅಕ್ಕಸಾಲಿಗ, ಸುಗಂಧದ್ರವ್ಯ ಮಾಡುವವನು, ಶಲ್ಲೂಮನ ಹೆಣ್ಣುಮಕ್ಕಳು, ಎಲ್ಲರೂ ಗೋಡೆ ಕೆಲಸಕ್ಕೆ ಬಂದಿದ್ದಾರೆ. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವ ಎಂಬ ಊರಿನ ದೊಡ್ಡವರು ಮಾತ್ರ ಹೆಗಲು ಕೊಡಲಿಲ್ಲ. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ.

5ನೇ ಅಧ್ಯಾಯ ಬಿಟ್ಟರಂತೂ ಲೇಖನ ಅರ್ಧವೇ. ಗೋಡೆ ಏಳುತ್ತಿರುವಾಗಲೇ ಬಡವರು ಕೂಗಿಕೊಂಡರು. ಹೊಲ, ದ್ರಾಕ್ಷಿತೋಟ ಅಡವಾಗಿತ್ತು. ಮಕ್ಕಳು ದಾಸರಾಗುತ್ತಿದ್ದರು. ಸಾಲ ಕೊಟ್ಟವರು ಸ್ವಂತ ಜನರೇ. ನೆಹೆಮೀಯನಿಗೆ ಸಿಟ್ಟು ಬಂತು. ಅವನು ಮನಸ್ಸಿನಲ್ಲಿ ಯೋಚಿಸಿ, ಶ್ರೀಮಂತರನ್ನು ಸಭೆ ಸೇರಿಸಿ, ಹೊಲ ಮನೆ ಹಿಂದಿರುಗಿಸಿ ಎಂದ. ತನ್ನವರೂ ಸಾಲ ಕೊಟ್ಟಿದ್ದಾರೆ ಎಂದು ಅಲ್ಲೇ ಹೇಳಿದ. ಅಧಿಪತಿಯಾಗಿದ್ದ 12 ವರ್ಷ ತನಗೆ ಸಲ್ಲುವ ಊಟದ ಭತ್ಯೆ ಮುಟ್ಟಲಿಲ್ಲ. ಗೋಡೆ 52 ದಿನಗಳಲ್ಲಿ ಮುಗಿಯಿತು ಎಂದು ಬರೆಯುವ ಮುಂಚೆ ಇದನ್ನು ಬರೆಯಿರಿ.

‘ಮಿಷನರಿಗಳು ಮಹಾನ್ ಸೇವೆ ಮಾಡಿದರು’ ಎಂಬ ಸಾಲನ್ನು ತೆಗೆಯಿರಿ, ಅಥವಾ ಬಿಡಿಸಿ ಹೇಳಿ. ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಲ್ಲಿ ಅನೇಕರು ಕುಲದ ಕಸುಬು, ಆಸರೆ ಎಲ್ಲ ಕಳೆದುಕೊಂಡರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು ಅವರಿಗಾಗಿ ನೇಯ್ಗೆ ಶುರು ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಸಂಕಟ ಕೆಲಸವಾಗಿ ಬದಲಾದದ್ದು ಇಲ್ಲಿ ಓದುಗರಿಗೆ ಕಾಣುತ್ತದೆ.

ಕೊನೆಯ ಪುಟದಲ್ಲಿ ನೀವು ಒಂದು ವಾಕ್ಯ ಬರೆದಿದ್ದೀರಿ: ನಿಮ್ಮ ಸಭೆಯ ಸಂಡೇ ಸ್ಕೂಲ್ ಮುಚ್ಚಿಹೋಗಿದೆ. ಸಹೋದರಿ, ನಿಮ್ಮ ಲೇಖನ ಅದೇ! ಯಾಕೆ ಮುಚ್ಚಿತು? ಮಕ್ಕಳು ಈಗ ಭಾನುವಾರ ಎಲ್ಲಿರುತ್ತಾರೆ? ಕಲಿಸಲು ಒಪ್ಪುವವರು ಒಬ್ಬರಾದರೂ ಇದ್ದಾರಾ? ಮೊದಲು ಹೋಗಿ ವಿಚಾರಿಸಿ. ಸಭಾಪಾಲಕರ ಹತ್ತಿರವೂ ಮಾತಾಡಿ. ಆಮೇಲೆ ಅಲ್ಲಿಂದಲೇ ಲೇಖನ ಶುರು ಮಾಡಿ, ನೆಹೆಮೀಯ ನಡುವೆ ಬರಲಿ. ಮೂರು ಪುಟ ಸಾಕು.

ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಮತ್ತೆ ಓದಿ ಉತ್ತರ ಬರೆಯುತ್ತೇನೆ.

ಕ್ರಿಸ್ತನ ಪ್ರೀತಿಯಲ್ಲಿ,
ಸಂಪಾದಕ