ಟವೆಲ್ ಒರಟಾದರೆ ಸಾಫ್ಟನರ್ ಹೆಚ್ಚಿಸಬೇಡಿ

ಜವಳಿ ರಸಾಯನಶಾಸ್ತ್ರದವನಾದ ನನಗೆ ಓದುಗರು ಕೇಳುವ ಪ್ರಶ್ನೆಗಳು ಎಲ್ಲಿಂದ ಹೊರಟರೂ ಕೊನೆಗೆ ಬಟ್ಟೆ ಮೆತ್ತಗಾಗಲೆಂದು ಹಾಕುವ ಸಾಫ್ಟನರ್ ಬಳಿಗೇ ಬಂದು ನಿಲ್ಲುತ್ತವೆ. ಹಿಂದೆ ಉತ್ತರಿಸಿದ ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಒಂದನ್ನು ವಿವರವಾಗಿ ತೆಗೆದುಕೊಂಡು, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮ ಟವೆಲ್‌ಗಳು ಒಣಗಿದ ಮೇಲೆ ಹಲಗೆಯಂತೆ ಸೆಟೆದುಕೊಳ್ಳುತ್ತವೆ. ಸಾಫ್ಟನರನ್ನು ಎರಡು ಪಟ್ಟು ಹಾಕಿದಾಗ ಮೆತ್ತಗಾದವು, ಆದರೆ ಈಗ ನೀರನ್ನೇ ಹೀರುತ್ತಿಲ್ಲ. ಇದಕ್ಕಿಂತ ಒಳ್ಳೆಯ, ಅಗ್ಗದ ಸಾಫ್ಟನರ್ ಯಾವುದು?

ಯಾವುದೂ ಬೇಡ. ನೀರು ಹೀರದಿರುವುದಕ್ಕೆ ನೀವು ಹಾಕಿದ ಸಾಫ್ಟನರೇ ಕಾರಣ.

ಸಾಫ್ಟನರ್ ಬಟ್ಟೆಯನ್ನು ಶುಚಿ ಮಾಡುವ ವಸ್ತುವಲ್ಲ. ಉದ್ದನೆಯ ಕೊಬ್ಬಿನ ಸರಪಳಿಗಳನ್ನು ಹೊತ್ತ, ಧನ ವಿದ್ಯುದಾವೇಶವುಳ್ಳ ಅಣುಗಳು ಅದರಲ್ಲಿರುತ್ತವೆ. ನೀರಿನಲ್ಲಿ ನೆನೆದ ಹತ್ತಿಯ ಮೇಲ್ಮೈ ಋಣ ಆವೇಶದ್ದಾದ್ದರಿಂದ ಈ ಅಣುಗಳು ನಾರಿಗೆ ಅಂಟಿಕೊಂಡು, ಕೊಬ್ಬಿನ ಬಾಲವನ್ನು ಹೊರಕ್ಕೆ ಚಾಚಿ ನಿಲ್ಲುತ್ತವೆ. ಕೈಗೆ ತಗಲುವ ನುಣುಪು ಈ ತೆಳುವಾದ ಜಿಡ್ಡಿನ ಪದರದ್ದು. ಒಗೆತಕ್ಕೊಂದರಂತೆ ಪದರದ ಮೇಲೆ ಪದರ ಕೂತರೆ ನೀರು ನಾರಿನೊಳಕ್ಕೆ ಇಳಿಯುವುದಾದರೂ ಹೇಗೆ? ನಿಮ್ಮ ಟವೆಲನ್ನು ಮೇಜಿನ ಮೇಲೆ ಹರಡಿ, ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟು ನೋಡಿ. ಶುಚಿಯಾದ ಹತ್ತಿಯಲ್ಲಿ ಹನಿ ತಕ್ಷಣ ಹರಡಿ ಮಾಯವಾಗುತ್ತದೆ. ಜಿಡ್ಡು ಹಿಡಿದ ಟವೆಲಿನಲ್ಲಿ ಅದು ಕೆಸುವಿನೆಲೆಯ ಮೇಲಿನಂತೆ ದುಂಡಗೆ ಕೂತಿರುತ್ತದೆ.

ಹಾಗಾದರೆ ಒರಟುತನ ಮೊದಲು ಬಂದದ್ದೆಲ್ಲಿಂದ? ಬಹಳ ಮನೆಗಳಲ್ಲಿ ಅದಕ್ಕೆ ಮೊದಲ ಕಾರಣ ಡಿಟರ್ಜೆಂಟನ್ನು ಅಳತೆ ಮೀರಿ ಸುರಿಯುವುದು. ನೊರೆ ಹೆಚ್ಚಾದಷ್ಟೂ ಕೊಳೆ ಹೆಚ್ಚು ಹೋಗುತ್ತದೆಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಹೋಗುತ್ತಿಲ್ಲ. ಹೆಚ್ಚಾದ ಡಿಟರ್ಜೆಂಟ್ ಜಾಲಿಸುವ ನೀರಿನಲ್ಲಿ ಪೂರ್ತಿ ಹೋಗದೆ ನೂಲಿನ ಸಂದಿಗಳಲ್ಲಿ ಉಳಿದು ಒಣಗುತ್ತದೆ. ಗಡಸು ನೀರಿರುವಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೂ ಅದರ ಜೊತೆ ಸೇರಿ ಎಳೆಗಳನ್ನು ಗಟ್ಟಿ ಮಾಡುತ್ತವೆ.

ಎರಡನೆಯ ಕಾರಣ ಒಣಗಿಸುವ ರೀತಿಯಲ್ಲಿದೆ. ಜಪಾನಿನ ಕಾವೊ ಸಂಸ್ಥೆ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ವಿವರಿಸಿತು. ಒಣಗಿದಂತೆ ಕಾಣುವ ಹತ್ತಿಯಲ್ಲೂ ನಾರಿನ ಮೇಲ್ಮೈಗೆ ಅಂಟಿಕೊಂಡ ಅತಿ ಸ್ವಲ್ಪ ನೀರು ಉಳಿದಿರುತ್ತದೆ, ಮತ್ತು ಆ ನೀರು ಹೈಡ್ರೋಜನ್ ಬಂಧಗಳ ಮೂಲಕ ಅಕ್ಕಪಕ್ಕದ ನಾರುಗಳನ್ನು ಅಂಟಿನಂತೆ ಹಿಡಿದಿಡುತ್ತದೆ. ಗಾಳಿಯಾಡದ ಕಡೆ ಅಲುಗಾಡದೆ ಒಣಗಿದ ಟವೆಲ್ ಸೆಟೆದುಕೊಳ್ಳುವುದೂ, ಡ್ರೈಯರಿನಲ್ಲಿ ಹೊರಳಾಡುತ್ತಾ ಒಣಗಿದ್ದು ಮೆತ್ತಗಿರುವುದೂ ಇದರಿಂದಲೇ. ಸಾಫ್ಟನರ್ ಆ ಅಂಟನ್ನು ತಡೆಯುತ್ತದೆ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದೇ ಕೆಲಸವನ್ನು ನಿಮ್ಮ ಎರಡು ಕೈಗಳೂ ಮಾಡಬಲ್ಲವು: ಒಣಹಾಕುವ ಮುನ್ನ ಟವೆಲಿನ ಎರಡು ಮೂಲೆ ಹಿಡಿದು ನಾಲ್ಕೈದು ಸಲ ಜೋರಾಗಿ ಒದರಿ, ಒಣಗಿದ ಮೇಲೆ ಮತ್ತೊಮ್ಮೆ ಒದರಿ, ಮಡಿಸುವಾಗ ಅಂಗೈಗಳ ನಡುವೆ ಉಜ್ಜಿ.

ಈಗಾಗಲೇ ಕೂತಿರುವ ಜಿಡ್ಡನ್ನು ಮೊದಲು ತೆಗೆಯಬೇಕು. ಟವೆಲ್‌ಗಳನ್ನಷ್ಟೇ ಹಾಕಿ, ಲೇಬಲ್ ಒಪ್ಪಿದರೆ 60 ಡಿಗ್ರಿ ಬಿಸಿನೀರಿನಲ್ಲಿ, ಸ್ವಲ್ಪವೇ ಡಿಟರ್ಜೆಂಟ್ ಜೊತೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಬೆರೆಸಿ ಒಗೆಯಿರಿ. ಉಣ್ಣೆ ಮತ್ತು ರೇಷ್ಮೆಗೆ ಈ ಸೋಡಾವನ್ನು ತಾಗಿಸಲೇಬೇಡಿ. ಕೊನೆಯ ಜಾಲಿಕೆಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿದರೆ ಉಳಿದ ಕ್ಷಾರ ತಟಸ್ಥವಾಗಿ, ಸುಣ್ಣದ ಅಂಶ ಕರಗುತ್ತದೆ. ಹನಿ ಇನ್ನೂ ನಿಂತರೆ ಇದನ್ನೇ ಇನ್ನೊಮ್ಮೆ ಮಾಡಿ. ಆಮೇಲೆ ಡಿಟರ್ಜೆಂಟಿನ ಅಳತೆಯನ್ನು ಕಡಿಮೆ ಮಾಡಿ, ಒಂದು ಜಾಲಿಕೆ ಹೆಚ್ಚಿಸಿ. ವಿನೆಗರ್ ಪ್ರತಿ ಒಗೆತಕ್ಕೂ ಬೇಕಿಲ್ಲ. ಆಮ್ಲ ಪದೇ ಪದೇ ತಾಗಿದರೆ ಯಂತ್ರದ ರಬ್ಬರ್ ಭಾಗಗಳು ಸವೆಯಬಹುದಾದ್ದರಿಂದ ನಾನಂತೂ ಅಗತ್ಯವಿದ್ದಾಗ ಮಾತ್ರ ಬಳಸುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲೋರಿನ್ ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಹೊರಬರುತ್ತದೆ. ನನ್ನ ಮನೆಯಲ್ಲಿ ಈ ಎರಡು ಬಾಟಲಿಗಳು ಒಂದೇ ಕಪಾಟಿನಲ್ಲಿ ಇರುವುದಿಲ್ಲ.

ಪ್ರಶ್ನೆ: ಸಮಯ ಉಳಿಸಲು ಡಿಟರ್ಜೆಂಟ್ ಮತ್ತು ಸಾಫ್ಟನರನ್ನು ಒಟ್ಟಿಗೇ ಹಾಕಬಹುದೇ?

ಹಾಕಬಾರದು. ಡಿಟರ್ಜೆಂಟ್ ಹೆಚ್ಚಾಗಿ ಋಣ ಆವೇಶದ್ದು, ಸಾಫ್ಟನರ್ ಧನ ಆವೇಶದ್ದು; ಒಂದು ಲೋಟದಲ್ಲಿ ಎರಡನ್ನೂ ಕಲಸಿದರೆ ಒಡೆದ ಹಾಲಿನಂತೆ ಗಸಿ ಕಟ್ಟುತ್ತದೆ, ಆ ಗಸಿಯೇ ಬಟ್ಟೆಯ ಮೇಲಿನ ಬೂದು ಕಲೆ.

ಪ್ರಶ್ನೆ: ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದ ಮನೆಮದ್ದು ಸಾಫ್ಟನರಿಗಿಂತ ಉತ್ತಮವೆನ್ನುತ್ತಾರೆ. ನಿಜವೇ?

ಸುಳ್ಳು. ಎರಡೂ ಪರಸ್ಪರ ತಟಸ್ಥವಾಗಿ, ಗುಳ್ಳೆ ಅಡಗಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರಷ್ಟೆ. ಇದನ್ನು ಪವಾಡವೆಂದು ಹಂಚುವವರನ್ನೂ, ಅಯಸ್ಕಾಂತದ ಉಂಡೆಯಿಂದ ಡಿಟರ್ಜೆಂಟೇ ಬೇಡವೆಂದು ಮಾರುವವರನ್ನೂ ನಂಬಬೇಡಿ.

ಪ್ರಶ್ನೆ: ಡ್ರೈಯರಿನಲ್ಲಿ ಬಟ್ಟೆಗಳ ಜೊತೆ ಹಾಕುವ, ಸಾಫ್ಟನರ್ ಲೇಪಿಸಿದ ಡ್ರೈಯರ್ ಶೀಟ್ ದುಬಾರಿಯಾಗುತ್ತಿದೆ. ಉಣ್ಣೆಯ ಉಂಡೆಗಳು ಅದರ ಬದಲಿಗೆ ಸಾಕೇ?

ಯಾವ ಕೆಲಸಕ್ಕೆ ಎಂಬುದರ ಮೇಲೆ ಅದು ನಿಂತಿದೆ. ಉಂಡೆಗಳು ಬಟ್ಟೆಗಳನ್ನು ಬಿಡಿಸಿ, ಬಿಸಿಗಾಳಿ ಸರಾಗವಾಗಿ ಆಡಲು ನೆರವಾಗುತ್ತವೆ. ಒಣಗಿದ ಬಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುವ ಸ್ಥಾಯಿ ವಿದ್ಯುತ್ತನ್ನು ಅವು ಹೆಚ್ಚು ತಡೆಯುವುದಿಲ್ಲ. ಪಾಲಿಯೆಸ್ಟರ್ ಬಟ್ಟೆಗಳನ್ನು ಬೇರೆಯಾಗಿಟ್ಟು, ಇನ್ನೂ ತುಸು ತೇವವಿರುವಾಗಲೇ ಹೊರತೆಗೆದರೆ ಆ ತೊಂದರೆಯ ಬಹುಭಾಗ ಖರ್ಚಿಲ್ಲದೆ ತಪ್ಪುತ್ತದೆ. ಶೀಟ್ ಬೇಕೇ ಬೇಕೆಂದರೆ ಅರ್ಧ ಹರಿದು ಹಾಕಿ. ಬಿಸಿಗೆ ಕರಗುವ ಅದರ ಲೇಪ ಡ್ರೈಯರಿನ ಜಾಲರಿಯ ಮೇಲೂ ಕೂರಬಹುದು. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದಾಗ ನೀರು ತಕ್ಷಣ ಇಳಿಯದೆ ನಿಂತರೆ ಸೋಪು ಹಚ್ಚಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ.

ಪ್ರಶ್ನೆ: ಕೂದಲಿನ ಕಂಡೀಷನರನ್ನು ನೀರಿಗೆ ಬೆರೆಸಿ ಸಾಫ್ಟನರ್ ಮಾಡಿಕೊಳ್ಳಬಹುದೇ?

ಅದರಲ್ಲಿರುವುದೂ ಅದೇ ಜಾತಿಯ ಧನ ಆವೇಶದ ಅಣುಗಳು. ಅದೇ ಜಿಡ್ಡು ಬೇರೆ ಬಾಟಲಿಯಿಂದ ಬರುತ್ತದೆ.

ಪ್ರಶ್ನೆ: ಮಕ್ಕಳ ರಾತ್ರಿಯುಡುಪಿಗೆ ಸಾಫ್ಟನರ್ ಹಾಕುವುದು ಸುರಕ್ಷಿತವೇ?

ಬೆಂಕಿ ಬೇಗ ಹತ್ತದಂತೆ ತಯಾರಿಸಿದ ಉಡುಪಾದರೆ ಖಂಡಿತ ಹಾಕಬೇಡಿ, ಡ್ರೈಯರ್ ಶೀಟೂ ಬೇಡ. ಕೊಬ್ಬಿನ ಪದರ ಆ ರಕ್ಷಣೆಯನ್ನು ಕುಗ್ಗಿಸುತ್ತದೆ. ಹಾಕಬಾರದೆಂಬ ಸೂಚನೆ ಲೇಬಲಿನಲ್ಲೇ ಇರುತ್ತದೆ, ಆದರೂ ಅದನ್ನು ಓದದೆ ಕತ್ತರಿಸಿ ಎಸೆಯುವವರೇ ನನಗೆ ಹೆಚ್ಚಾಗಿ ಬರೆಯುತ್ತಾರೆ. ಉಳಿದ ಉಡುಪುಗಳಲ್ಲೂ, ಮಗುವಿನ ಚರ್ಮದಲ್ಲಿ ತುರಿಕೆ ಅಥವಾ ಗಂಧೆ ಕಂಡರೆ ಸುವಾಸನೆಯ ದ್ರವ್ಯವನ್ನು ಅನುಮಾನಿಸಿ, ಅಂಥದ್ದನ್ನೆಲ್ಲ ನಿಲ್ಲಿಸಿ, ಆ ಬಟ್ಟೆಗಳನ್ನು ಬರಿಯ ನೀರಿನಲ್ಲಿ ಎರಡು ಸಲ ಹೆಚ್ಚಾಗಿ ಜಾಲಿಸಿ, ವೈದ್ಯರಿಗೆ ತೋರಿಸಿ.